ಬೀಗ ಸರ್ಕಾರದ ಕೈಯಲ್ಲಿದೆ

ಕೈದಿಯೊಬ್ಬ ತನ್ನ ಮೈಗೆ ತಾನೇ ಗಾಯ ಮಾಡಿಕೊಂಡರೆ ಜೈಲಿನಲ್ಲಿ ಏಳುವ ಮೊದಲ ಮಾತು, ‘ನಾಟಕ ಆಡ್ತಾನೆ ಸಾರ್’. ಬ್ಯಾಂಡೇಜು ಸುತ್ತುತ್ತಾರೆ, ಬೈಯುತ್ತಾರೆ, ಒಂಟಿ ಸೆಲ್ಲಿಗೆ ದಬ್ಬುತ್ತಾರೆ. ಯಾಕಪ್ಪಾ ಹೀಗೆ ಮಾಡಿಕೊಂಡೆ ಎಂದು ಪಕ್ಕದಲ್ಲಿ ಕೂತು ಕೇಳುವವರಿಲ್ಲ. ಸಂಕಟ ತೋಡಿಕೊಳ್ಳಲು ಬೇರೆ ದಾರಿಯೇ ಉಳಿಯದವನ ಗಾಯವನ್ನು ನಾಟಕ ಎನ್ನುವ ಈ ಕಲ್ಲೆದೆಗೆ ಧಿಕ್ಕಾರ! ಇಂಥವರನ್ನು ಒಂಟಿಯಾಗಿ ಕೂಡಿಹಾಕಿದರೆ ಅಪಾಯ ಹೆಚ್ಚುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಜೈಲುಗಳಿಗೆಂದೇ ತಂದ ಕೈಪಿಡಿಯಲ್ಲಿ 2007ರಲ್ಲೇ ಎಚ್ಚರಿಸಿತ್ತು. ಓದಿದವರು ಯಾರು?

2017ರಿಂದ 2021ರವರೆಗೆ ದೇಶದ ಜೈಲುಗಳಲ್ಲಿ 817 ಅಸಹಜ ಸಾವುಗಳಾದವು. ಅವುಗಳಲ್ಲಿ 660 ಆತ್ಮಹತ್ಯೆಗಳು. ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಅಮಿತಾವ ರಾಯ್ ಸಮಿತಿ ಕೊಟ್ಟ ಲೆಕ್ಕ ಇದು. 2022ರಲ್ಲಿ ಮತ್ತೆ 119 ಆತ್ಮಹತ್ಯೆಗಳು. ಒಳಗಿರುವವರೆಲ್ಲ ಅಪರಾಧ ಸಾಬೀತಾದವರೂ ಅಲ್ಲ. ಆ ವರ್ಷದ ಕೊನೆಗೆ ಇದ್ದ 5,73,220 ಕೈದಿಗಳಲ್ಲಿ 4,34,302 ಮಂದಿ ವಿಚಾರಣಾಧೀನರು. ಜಾಮೀನು ಸಿಕ್ಕರೂ ಶ್ಯೂರಿಟಿ ನಿಲ್ಲುವವರಿಲ್ಲದೆ ಒಳಗೇ ಕೊಳೆಯುವ ಬಡವರೂ ಇವರಲ್ಲಿದ್ದಾರೆ.

ಅಪಾಯ ಯಾವಾಗ ಎನ್ನುವುದೂ ಗುಟ್ಟೇನಲ್ಲ. ಜೈಲಿಗೆ ಬಂದ ಮೊದಲ ದಿನಗಳು. ಕುಡಿತ, ಗಾಂಜಾ ಒಮ್ಮೆಲೇ ನಿಂತು ಮೈ ನಡುಗುವ ರಾತ್ರಿಗಳು. ಜಾಮೀನು ಅರ್ಜಿ ವಜಾ ಆದ ಸಂಜೆ, ತೀರ್ಪು ಬಂದ ದಿನ. ಹೆಂಡತಿ ಭೇಟಿಗೆ ಬರುವುದನ್ನು ನಿಲ್ಲಿಸಿದ ವಾರ, ಊರಲ್ಲಿ ಅವ್ವ ತೀರಿಕೊಂಡಳೆಂಬ ಸುದ್ದಿ ತಡವಾಗಿ ತಲುಪಿದ ಹೊತ್ತು. ಕೋರ್ಟಿನ ತಾರೀಖು ಜೈಲಿನ ದಫ್ತರದಲ್ಲಿ ಬರೆದಿರುತ್ತದೆ, ಭೇಟಿಗೆ ಬಂದವರ ಹೆಸರೂ ಇರುತ್ತದೆ. ಬೆಳಿಗ್ಗೆ ಸಂಜೆ ತಲೆ ಎಣಿಸುವವರಿಗೆ ಆ ತಲೆಯೊಳಗೆ ಏನಾಗುತ್ತಿದೆಯೆಂದು ಒಂದು ಮಾತು ಕೇಳಲು ಪುರುಸೊತ್ತಿಲ್ಲವೇ?

ಪರಪ್ಪನ ಅಗ್ರಹಾರದಲ್ಲಿ ಐದು ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಮಾತಾಡಿಸಿ ನಿಮ್ಹಾನ್ಸ್ 2011ರಲ್ಲೇ ವರದಿ ಕೊಟ್ಟಿತು. ವ್ಯಸನವನ್ನು ಬದಿಗಿಟ್ಟರೂ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಮಾನಸಿಕ ಕಾಯಿಲೆ ಇತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರತಿ ರಾಜ್ಯದ ಒಂದು ಜೈಲಿನಲ್ಲಾದರೂ ಮಾನಸಿಕ ಚಿಕಿತ್ಸಾ ಕೇಂದ್ರ ಇರಲೇಬೇಕೆಂದಿತು. 500 ಕೈದಿಗಳಿಗೆ ಒಬ್ಬ ಮನಃಶಾಸ್ತ್ರಜ್ಞ ಬೇಕೆನ್ನುವುದು 2016ರ ಮಾದರಿ ಜೈಲು ಕೈಪಿಡಿಯ ಮಾತು. 2025ರ ಇಂಡಿಯಾ ಜಸ್ಟಿಸ್ ರಿಪೋರ್ಟ್ ಪ್ರಕಾರ ಇಡೀ ದೇಶದ ಜೈಲುಗಳಿಗೆ ಇರುವವರು 25 ಮಂದಿ! ಐದೂಮುಕ್ಕಾಲು ಲಕ್ಷ ಜೀವಗಳಿಗೆ ಇಪ್ಪತ್ತೈದು ಜನ.

ಆತ್ಮಹತ್ಯೆಗೆ ಎಡೆಯಿಲ್ಲದಂತೆ ಬ್ಯಾರಕ್ ಕಟ್ಟಿ ಎಂದು ಅಮಿತಾವ ರಾಯ್ ಸಮಿತಿ ಹೇಳಿದೆ. ಕಟ್ಟಲಿ, ಅದರಿಂದಲೂ ಜೀವ ಉಳಿಯುತ್ತದೆ. ಆದರೆ ಗೋಡೆಗೆ ಟೆಂಡರ್ ಕರೆಯುವ ಸರ್ಕಾರ ಮನುಷ್ಯರ ನೇಮಕಕ್ಕೆ ಕೈ ಕಟ್ಟಿ ಕೂತರೆ ನಾವು ಸುಮ್ಮನಿರಬೇಕೇ? ಹೊರಗಿರುವ ನಮಗೆ ಎದೆ ಭಾರವಾದರೆ ಯಾವ ಹೊತ್ತಿಗೂ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಒಳಗಿರುವವರ ಫೋನಿಗೆ ಸರದಿ, ಅನುಮತಿ, ಹೊತ್ತುಗೊತ್ತು.

ಒಳಗೆ ಬಂದ ದಿನವೇ ಪ್ರತಿಯೊಬ್ಬರ ಮನಸ್ಸಿನ ತಪಾಸಣೆ ಆಗಲಿ. ವಾರ್ಡರುಗಳಿಗೆ ತರಬೇತಿ ಕೊಡಿ, ಗಾಯ ಮಾಡಿಕೊಂಡವರಿಗೆ ಶಿಕ್ಷೆ ನಿಲ್ಲಿಸಿ. ಕುಗ್ಗಿದವರ ಪಕ್ಕ ನಂಬಿಕೆಯ ಸಹಕೈದಿಯನ್ನು ಇರಿಸಿ, ಮನೆಯವರಿಗೆ ಅಂದೇ ಫೋನ್ ಮಾಡಿಸಿ. ಖಾಲಿ ಬಿದ್ದ ಹುದ್ದೆಗಳನ್ನು ಇದೇ ವರ್ಷ ತುಂಬಿ. ತುಂಬದಿದ್ದರೆ, ಮುಂದಿನ ಸಾವಿನ ವಿಚಾರಣೆಯಲ್ಲಿ ನೇಮಕದ ಕಡತವನ್ನು ತಡೆದಿಟ್ಟ ಅಧಿಕಾರಿಯನ್ನೂ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ.