ಕೈಗೆ ಗ್ರೀಸ್ ಹತ್ತಿದರೆ ಡಿಗ್ರಿ ಸವೆಯುವುದಿಲ್ಲ

ನಮ್ಮಲ್ಲಿ ಇಂಜಿನಿಯರ್ ಅಂದರೆ ಕೈಗೆ ಗ್ರೀಸ್ ಹತ್ತಿಸಿಕೊಳ್ಳದವನು ಅಂತ ಅರ್ಥ ಆಗಿಬಿಟ್ಟಿದೆ. ಗ್ರೀಸ್ ಹತ್ತಿದರೆ ಅವನು ಮೆಕ್ಯಾನಿಕ್. ಮೊದಲನೆಯವನಿಗೆ ಹೆಣ್ಣು ಕೊಡ್ತಾರೆ, ಎರಡನೆಯವನಿಗೆ ಬುದ್ಧಿ ಹೇಳ್ತಾರೆ :-) ಕೋರಮಂಡಲ್‌ನ ನಮ್ಮ ಮನೆ ಮುಂದೆ ನನ್ನ ಕಾರಿನ ಕ್ಲಚ್ ಪ್ಲೇಟನ್ನು ನಾನೇ ಬದಲಾಯಿಸಿದೆ ಅಂತ ಆಫೀಸಿನಲ್ಲಿ ಹೇಳಿದಾಗ ಬಂದ ಮೊದಲ ಪ್ರಶ್ನೆ "ಹೇಗೆ ಮಾಡಿದೆ?" ಅಂತಲ್ಲ. "ಯಾಕೋ, ದುಡ್ಡಿಲ್ವಾ?" ಅಂತ! ಆ ಪ್ರಶ್ನೆಗೆ ಉತ್ತರವಾಗಿ ಇಷ್ಟುದ್ದ ಬರೀಬೇಕಾಯ್ತು. ಸಹಿಸಿಕೊಳ್ಳಿ.

ಕಾರು ಯಾವುದು ಅಂತ ಮೊದಲು ಹೇಳಿಬಿಡ್ತೀನಿ. ಸ್ಯಾನ್ ಸ್ಟಾರ್ಮ್. ಹೆಸರು ಕೇಳಿದವರು ಕಮ್ಮಿ. 1998ರಲ್ಲಿ ಗೋವಾದಿಂದ ಬಂದ ಎರಡೇ ಸೀಟಿನ, ಫೈಬರ್ ಬಾಡಿಯ, ಮೇಲ್ಛಾವಣಿ ತೆಗೆಯಬಹುದಾದ ಪುಟ್ಟ ಸ್ಪೋರ್ಟ್ಸ್ ಕಾರು. ಒಳಗಿರೋದು ರೆನೋ ಕಂಪನಿಯ 1149 ಸಿಸಿ ಎಂಜಿನ್. ಅದೇ ಎಂಜಿನ್ ಯುರೋಪಿನಲ್ಲಿ ಕ್ಲಿಯೋ, ಟ್ವಿಂಗೋ ಕಾರುಗಳಲ್ಲೂ ಇತ್ತು. ಫೆರಾರಿ ಪಕ್ಕ ನಿಲ್ಲಿಸಿದರೆ ಆಟದ ಸಾಮಾನು, ಒಪ್ಪಿದೆ. ಆದರೆ ನಮ್ಮ ದೇಶದಲ್ಲಿ ಸ್ಪೋರ್ಟ್ಸ್ ಕಾರು ಮಾಡೋಣ ಅಂತ ಹೊರಟವರೇ ಬೆರಳೆಣಿಕೆ. ಈಗ ಅದು ತಯಾರಾಗುತ್ತಿಲ್ಲ. ಬೆಂಗಳೂರಿನ ಸಿಪಾನಿ ಡಾಲ್ಫಿನ್ ಗತಿಯೂ ಅದೇ ಆಯ್ತು. ಇಂಥ ಕಾರು ಇಟ್ಟುಕೊಂಡವನಿಗೆ "ಅಥರೈಸ್ಡ್ ಸರ್ವಿಸ್ ಸೆಂಟರ್‌ಗೆ ಹೋಗಿ" ಅನ್ನೋ ಉಪದೇಶ, ಅಪ್ಪ ಅಮ್ಮ ಇಲ್ಲದ ಮಗುವಿಗೆ ಪೋಷಕರ ಸಹಿ ಹಾಕಿಸಿಕೊಂಡು ಬಾ ಅಂದ ಹಾಗೆ.

ಕ್ಲಚ್ ಸವೆದಿದ್ದು ಹೇಗೆ ಗೊತ್ತಾಯ್ತು? ಬೇತಮಂಗಲದ ಕಡೆ ಒಂದು ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಅರಚುತ್ತೆ, ಕಾರು ಮಾತ್ರ ನಿಧಾನ. ಮನೆಗೆ ಬಂದು ಹ್ಯಾಂಡ್ ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, ಕ್ಲಚ್ ನಿಧಾನಕ್ಕೆ ಬಿಟ್ಟೆ. ಸರಿಯಿದ್ದರೆ ಎಂಜಿನ್ ಥಟ್ಟನೆ ನಿಂತುಹೋಗಬೇಕು. ನಿಲ್ಲಲಿಲ್ಲ. ಅಲ್ಲಿಗೆ ರೋಗ ತಿಳಿಯಿತು, ಒಂದು ರೂಪಾಯಿ ಖರ್ಚಿಲ್ಲದೆ.

ಬೆಂಗಳೂರಿನ ಒಂದು ದೊಡ್ಡ ಗ್ಯಾರೇಜಿಗೆ ಹೋದೆ. ಹೆಸರು ಬೇಡ. ಎಸಿ ರೂಮು, ಕಾಫಿ, ಟೈ ಕಟ್ಟಿದ ಹುಡುಗ. "ಎಂಜಿನ್, ಗೇರ್‌ಬಾಕ್ಸ್ ಎರಡೂ ಇಳಿಸಿ ನೋಡಬೇಕು ಸಾರ್, 70 ಸಾವಿರದಿಂದ ಶುರು, ಪಾರ್ಟ್ ಸಿಗದಿದ್ದರೆ ನಮ್ಮ ಜವಾಬ್ದಾರಿ ಇಲ್ಲ" ಅಂದ. ಬಿಚ್ಚುವಾಗ ಪಕ್ಕದಲ್ಲಿ ನಿಂತು ನೋಡಬಹುದಾ ಅಂದರೆ ಕಸ್ಟಮರ್ ಒಳಗೆ ಬರೋ ಹಾಗಿಲ್ಲವಂತೆ. ಕೊನೆಗೆ ಪುಕ್ಕಟೆ ಸಲಹೆ ಬೇರೆ: "ಇಷ್ಟು ಖರ್ಚು ಯಾಕೆ ಸಾರ್, ಗುಜರಿಗೆ ಹಾಕಿಬಿಡಿ."

ಅಲ್ಲ ಸ್ವಾಮಿ, ಕ್ಲಚ್ ಅಂದರೆ ಏನು? ಒಂದು ಕಡೆ ಎಂಜಿನ್ ಜೊತೆ ತಿರುಗುವ ಫ್ಲೈವೀಲ್. ಅದಕ್ಕೆ ಬೋಲ್ಟ್ ಮಾಡಿದ ಪ್ರೆಷರ್ ಪ್ಲೇಟ್. ಎರಡರ ಮಧ್ಯೆ ಸಿಕ್ಕಿಕೊಂಡಿರುವ, ಎರಡೂ ಮುಖಕ್ಕೆ ಲೈನಿಂಗ್ ರಿವೆಟ್ ಹೊಡೆದ ಒಂದು ತಟ್ಟೆ. ಪೆಡಲ್ ತುಳಿದಾಗ ಹಿಡಿತ ಬಿಡುತ್ತೆ, ಬಿಟ್ಟಾಗ ಹಿಡಿಯುತ್ತೆ. ಚಪ್ಪಲಿಯ ಅಟ್ಟೆ ಸವೆದ ಹಾಗೆ ಲೈನಿಂಗ್ ಸವೆಯುತ್ತೆ. ಸವೆಯಲಿ ಅಂತಲೇ ಮಾಡಿರುವ ವಸ್ತು ಅದು! ಅಟ್ಟೆ ಸವೆದರೆ ಕಾಲು ಕತ್ತರಿಸಿಕೊಳ್ಳಿ ಅಂತ ಯಾರಾದರೂ ಹೇಳ್ತಾರಾ?

ನಾನು ಓದಿದ್ದು ಮೆಕ್ಯಾನಿಕಲ್, ಸೇರಿದ್ದು ಸಾಫ್ಟ್‌ವೇರ್. ಸಿಂಗಲ್ ಪ್ಲೇಟ್ ಕ್ಲಚ್‌ನ ಚಿತ್ರವನ್ನು ಪರೀಕ್ಷೆಯಲ್ಲಿ ಸ್ಕೇಲ್ ಇಟ್ಟು ನೀಟಾಗಿ ಬರೆದು ಮಾರ್ಕ್ಸ್ ತಗೊಂಡಿದ್ದೇನೆ. ನಾಲ್ಕು ವರ್ಷದಲ್ಲಿ ಒಂದು ಸಲವೂ ನಿಜವಾದ ಕ್ಲಚ್ ಪ್ಲೇಟನ್ನು ನಮ್ಮ ಕೈಗೆ ಯಾರೂ ಕೊಡಲಿಲ್ಲ. ಅದು ಎಷ್ಟು ತೂಕ, ಹೊಸ ಲೈನಿಂಗ್ ಹೇಗಿರುತ್ತೆ, ಸುಟ್ಟದ್ದು ಹೇಗೆ ನಾರುತ್ತೆ... ಊಹೂಂ. ಈಗ ಓಪನ್ ಸೋರ್ಸ್ ಬಗ್ಗೆ ಗಂಟೆಗಟ್ಟಲೆ ಭಾಷಣ ಬಿಗಿಯುವ ನನ್ನ ಸಹೋದ್ಯೋಗಿಗಳಿಗೆ ಬಾನೆಟ್ ಎತ್ತೋಕೆ ಭಯ. ಕೋಡ್ ಮುಚ್ಚಿಟ್ಟರೆ ಅನ್ಯಾಯ, ಕಾರು ಮುಚ್ಚಿಟ್ಟರೆ ಕ್ವಾಲಿಟಿ!

ಈ ಮಾತನ್ನು ಕೋಲಾರ ಚಿನ್ನದ ಗಣಿಯಲ್ಲಿ ಕೂತು ಕೇಳೋದು ಇನ್ನೂ ಕಷ್ಟ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕೆಲಸ ಹಿಡಿಯಿತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟು ಬಂತು, ಸುಮಾರು 147 ಕಿ.ಮೀ. ದೂರದ ತಂತಿಯಲ್ಲಿ. ಚಾಂಪಿಯನ್ ರೀಫ್ ಗಣಿ ನೆಲದೊಳಗೆ 3 ಕಿ.ಮೀ.ಗೂ ಹೆಚ್ಚು ಆಳ ಹೋಯ್ತು. ಆ ಆಳಕ್ಕೆ ಜನರನ್ನು ಇಳಿಸಿ ಹತ್ತಿಸುತ್ತಿದ್ದದ್ದು ಹಗ್ಗ ಸುತ್ತುವ ವೈಂಡರ್ ಯಂತ್ರಗಳು. ಎರಡು ಡ್ರಮ್ ಇರುವ ವೈಂಡರ್‌ಗಳಲ್ಲಿ ಕ್ಲಚ್ ಇರುತ್ತೆ. ಅದು ಕೈಕೊಟ್ಟರೆ ನಿಲ್ಲೋದು ಕಾರಲ್ಲ, ಕೆಳಗಿರುವ ಜನರ ಉಸಿರು. ಆ ಯಂತ್ರವನ್ನು ತಳ್ಳಿಕೊಂಡು ಸರ್ವಿಸ್ ಸೆಂಟರ್‌ಗೆ ಹೋಗೋಕಾಗುತ್ತಿತ್ತಾ? ಇಲ್ಲಿನ ಫಿಟ್ಟರ್‌ಗಳೇ ಬಿಚ್ಚಿ, ತಿಕ್ಕಿ, ಜೋಡಿಸುತ್ತಿದ್ದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಚಿನ್ನ ಎಷ್ಟು ಉಳಿದಿದೆ ಅಂತ ಈಗಲೂ ಲೆಕ್ಕ ಹಾಕ್ತಾರೆ. ಆ ಕೈಗಳಲ್ಲಿ ಇದ್ದ ವಿದ್ಯೆ ಎಷ್ಟು ಅಂತ ಯಾರಾದರೂ ಲೆಕ್ಕ ಇಟ್ಟರಾ? ಅವರ ಮಕ್ಕಳು ಮೊಮ್ಮಕ್ಕಳು ಬೆಳಗ್ಗೆ ಮಾರಿಕುಪ್ಪಂ ರೈಲು ಹತ್ತಿ ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಹೋಗ್ತಾರೆ, ನನ್ನ ಹಾಗೆ.

ನನ್ನ ಕೆಲಸಕ್ಕೆ ಜೊತೆಯಾದವರು ನಮ್ಮ ಬೀದಿಯ ಒಬ್ಬ ನಿವೃತ್ತ ಫಿಟ್ಟರ್ ತಾತ. ಎರಡು ಶನಿವಾರ, ಎರಡು ಭಾನುವಾರ. ಬ್ಯಾಟರಿ ಕಳಚಿದೆವು. ಕಾರನ್ನು ಎತ್ತಿ ನಾಲ್ಕು ಸ್ಟ್ಯಾಂಡ್ ಮೇಲೆ ಕೂರಿಸಿದೆವು (ಬರೀ ಜಾಕ್ ನಂಬಿ ಕಾರಿನ ಕೆಳಗೆ ನುಸುಳಬೇಡಿ, ಸತ್ತವರಿದ್ದಾರೆ). ಗೇರ್ ಆಯಿಲ್ ಇಳಿಸಿ, ಡ್ರೈವ್ ಶಾಫ್ಟ್ ಎರಡೂ ತೆಗೆದು, ಎಂಜಿನ್ನಿಗೆ ಕೆಳಗಿನಿಂದ ಆಸರೆ ಕೊಟ್ಟು ಗೇರ್‌ಬಾಕ್ಸ್ ಹಿಂದಕ್ಕೆ ಎಳೆದು ಇಳಿಸಿದೆವು. ಎಂಜಿನ್ ಇಳಿಸಲೇ ಇಲ್ಲ. ಒಳಗೆ ನೋಡಿದರೆ ಲೈನಿಂಗ್ ರಿವೆಟ್ ತನಕ ಸವೆದಿತ್ತು, ಫ್ಲೈವೀಲ್ ಮೇಲೆ ಗೀರು. ರಾಬರ್ಟ್‌ಸನ್‌ಪೇಟೆಯ ಲೇತಿನಲ್ಲಿ ಅದನ್ನು ಮಟ್ಟ ಮಾಡಿಸಿದೆ. ಬೇರಿಂಗ್ ಮೇಲೆ ಕೊರೆದ ನಂಬರ್ ಹಿಡಿದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸದು ತಂದೆ, ಹಳೇ ಪ್ಲೇಟಿಗೆ ಅಲ್ಲೇ ಹೊಸ ಲೈನಿಂಗ್ ಹೊಡೆಸಿದೆ. ವಾಪಸ್ ಜೋಡಿಸುವಾಗ ಪ್ಲೇಟ್ ನಟ್ಟ ನಡುವೆ ಕೂರಬೇಕು, ಇಲ್ಲದಿದ್ದರೆ ಗೇರ್‌ಬಾಕ್ಸ್ ಶಾಫ್ಟ್ ಒಳಗೆ ಹೋಗೋದೇ ಇಲ್ಲ. ಅದಕ್ಕೆ ಅಳತೆಗೆ ಸರಿಯಾಗಿ ಒಂದು ಮರದ ಗೂಟ ಕೆತ್ತಿದವರು ತಾತ. "ಒಂದೇ ಕಡೆ ಬಿಗಿ ಮಾಡ್ಬೇಡ ತಂಬಿ, ಎದುರುಬದುರು, ಸ್ವಲ್ಪ ಸ್ವಲ್ಪ" ಅಂತ ಹೇಳಿಕೊಟ್ಟರು. ನಾಲ್ಕು ವರ್ಷದ ಕಾಲೇಜಿನಲ್ಲಿ ಇಲ್ಲದ ಪಾಠ. ಒಟ್ಟು ಖರ್ಚು 8 ಸಾವಿರ ದಾಟಲಿಲ್ಲ. ಈಗ ಅದೇ ಏರಿನಲ್ಲಿ ಕಾರು ಚಿಮ್ಮುತ್ತೆ.

ಇದು ನನ್ನೊಬ್ಬನ ಹಟ ಅಂದುಕೊಳ್ಳಬೇಡಿ. ಶಂಶೇರ್ ಕಟಾರಿಯಾ ಅನ್ನುವವರು 2011ರಲ್ಲಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು: ಕಾರು ಕಂಪನಿಗಳು ಬಿಡಿಭಾಗಗಳನ್ನು, ರೋಗ ಹುಡುಕುವ ಉಪಕರಣಗಳನ್ನು ಹೊರಗಿನ ರಿಪೇರಿಯವರಿಗೆ ಸಿಗದ ಹಾಗೆ ಮಾಡಿವೆ ಅಂತ. 2014ರ ಆಗಸ್ಟ್‌ನಲ್ಲಿ ಆಯೋಗ 14 ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೇಲೆ ದಂಡ ಹಾಕಿತು. ಬಿಡಿಭಾಗಗಳನ್ನು ಮುಕ್ತ ಮಾರುಕಟ್ಟೆಗೆ ಬಿಡಿ ಅಂದಿತು. ಕೆಲವು ಕಂಪನಿಗಳು ಮೇಲ್ಮನವಿ ಹೋದಾಗ 2016ರಲ್ಲಿ ನ್ಯಾಯಮಂಡಳಿ ದಂಡ ಇಳಿಸಿತು, ತಪ್ಪು ತಪ್ಪೇ ಅಂದಿತು. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ "ರೈಟ್ ಟು ರಿಪೇರ್" ಪೋರ್ಟಲ್ ತೆರೆಯಿತು. ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಒಳ್ಳೇದೇ. ಆದರೆ ಪೋರ್ಟಲ್‌ನಿಂದ ಬೋಲ್ಟ್ ಸಡಿಲ ಆಗಲ್ಲ.

"ಎಲ್ಲರೂ ಮನೇಲೇ ಮಾಡಿಕೊಂಡರೆ ಮೆಕ್ಯಾನಿಕ್‌ಗಳ ಹೊಟ್ಟೆಪಾಡು?" ಅಂತ ಕೇಳಬಹುದು. ನನ್ನ 8 ಸಾವಿರ ಹೋಗಿದ್ದು ಯಾರಿಗೆ? ಲೇತಿನವರಿಗೆ, ಲೈನಿಂಗ್ ಹೊಡೆದವರಿಗೆ, ಜೆ.ಸಿ. ರಸ್ತೆಯ ಅಂಗಡಿಗೆ. ಬಿಡಿಭಾಗ, ಮ್ಯಾನ್ಯುಯಲ್ ಮುಚ್ಚಿಟ್ಟಾಗ ಮೊದಲು ಸಾಯೋದು ರಸ್ತೆ ಬದಿಯ ಅದೇ ಮೆಕ್ಯಾನಿಕ್. "ಸುರಕ್ಷತೆ?" ಅಂತೀರಾ? ನ್ಯಾಯವಾದ ಪ್ರಶ್ನೆ. ಅದಕ್ಕೇ ಸರಿಯಾದ ಮ್ಯಾನ್ಯುಯಲ್ ಕೊಡಿ ಅನ್ನೋದು. ಯಾವ ಬೋಲ್ಟ್ ಎಷ್ಟು ಬಿಗಿ ಅಂತ ಬರೆದುಕೊಟ್ಟರೆ ಅಪಾಯ ಕಮ್ಮಿಯಾಗುತ್ತೋ ಜಾಸ್ತಿಯಾಗುತ್ತೋ ನೀವೇ ಹೇಳಿ. "ನಮಗೆ ಟೈಮ್ ಇಲ್ಲ" ಅನ್ನೋರ ಜೊತೆ ನನಗೆ ಜಗಳ ಇಲ್ಲ. ದುಡ್ಡು ಕೊಟ್ಟು ಮಾಡಿಸಿ. ಆದರೆ ಪಕ್ಕದಲ್ಲಿ ನಿಂತು ನೋಡಿ, ಹಳೇ ಪಾರ್ಟ್ ಕೇಳಿ ಇಸ್ಕೊಳ್ಳಿ.

ನಾನು ಕೇಳೋದು ಮೂರೇ. ಕಾರು ಮಾರುವವರು ಬಿಡಿಭಾಗ, ರಿಪೇರಿ ಪುಸ್ತಕ ಎರಡನ್ನೂ ಕೇಳಿದವರಿಗೆಲ್ಲ ಮಾರಲಿ, ಆ ಮಾಡೆಲ್ ನಿಂತ ಮೇಲೂ. ಇಂಜಿನಿಯರಿಂಗ್ ಕಾಲೇಜುಗಳು ಗುಜರಿಯಿಂದ ಒಂದೊಂದು ಗೇರ್‌ಬಾಕ್ಸ್ ತಂದು ಹುಡುಗ ಹುಡುಗಿಯರ ಕೈಯಲ್ಲಿ ಬಿಚ್ಚಿಸಲಿ. ಮೂರನೆಯದಕ್ಕೆ ಯಾವ ಆಯೋಗವೂ ಬೇಡ: ಕೆಜಿಎಫ್‌ನಂಥ ಊರುಗಳಲ್ಲಿ ಇನ್ನೂ ಬದುಕಿರುವ ಫಿಟ್ಟರ್‌ಗಳನ್ನು ಆ ಕಾಲೇಜುಗಳಿಗೆ ಮೇಷ್ಟ್ರಾಗಿ ಕರೆಯಿರಿ, ಸಂಬಳ ಕೊಟ್ಟು. ನಮ್ಮ ತಾತನಿಗೆ ಎಪ್ಪತ್ತೈದು ದಾಟಿದೆ. ತಡ ಮಾಡಿದರೆ ಕರೆಯೋಕೆ ಯಾರೂ ಇರಲ್ಲ.