ಇಬ್ಬರು ಹುಡುಗಿಯರ ಕೈ ಬಿಡಿಸುವವರಿಗೆ

ಹಾಸ್ಟೆಲಿನ ಗೆಳೆಯರೇ, ಗೆಳತಿಯರೇ,

ಬೈಲಹೊಂಗಲದಲ್ಲಿ ಕಿತ್ತೂರು ಚೆನ್ನಮ್ಮನ ಸಮಾಧಿಯಿದೆ. ಅದೇ ತಾಲೂಕಿನ ಬೆಳವಡಿಯ ಮಲ್ಲಮ್ಮ ಹೆಣ್ಣುಮಕ್ಕಳ ಪಡೆ ಕಟ್ಟಿ ಶಿವಾಜಿಯ ಸೈನ್ಯವನ್ನು ಎದುರಿಸಿದಳೆಂದು ಎದೆಯುಬ್ಬಿಸಿ ಹೇಳುತ್ತೇವೆ. ರಾಮದುರ್ಗ 1939ರಲ್ಲಿ ಸಂಸ್ಥಾನದ ದೊರೆಯ ವಿರುದ್ಧ ಎದ್ದ ಊರು. ಕಿತ್ತೂರಿನಲ್ಲಿ ಅಕ್ಟೋಬರ್ ಬಂದರೆ ಉತ್ಸವ. ಕುದುರೆ ಮೇಲಿನ ಹೆಣ್ಣಿಗೆ ಹಾರ, ಜೈಕಾರ, ಭಾಷಣ. ಅದೇ ಊರುಗಳಲ್ಲಿ ಹತ್ತನೇ ಇಯತ್ತೆಯ ಇಬ್ಬರು ಹುಡುಗಿಯರು ಕೈ ಕೈ ಹಿಡಿದು ಬಸ್ ಸ್ಟ್ಯಾಂಡಿನ ತನಕ ನಡೆದರೆ ಊರಿನ ಕಣ್ಣು ಕೆಂಪಾಗುತ್ತದೆ. ಪುತ್ಥಳಿಯ ಹೆಣ್ಣು ಕತ್ತಿ ಹಿಡಿಯಬಹುದು. ಜೀವಂತ ಹೆಣ್ಣು ಗೆಳತಿಯ ಕೈ ಹಿಡಿಯಬಾರದು!

ಇದನ್ನು ಬರೆಯಲು ಕಾರಣವಿದೆ. ನಾವು ಕಣ್ಣಾರೆ ಕಂಡದ್ದು. ಊರಿನ ಹೆಸರು, ಹುಡುಗಿಯರ ಹೆಸರು ಬರೆಯುವುದಿಲ್ಲ. ಬರೆದರೆ ಪೆಟ್ಟು ಅವರಿಗೇ. ಈ ಸೀಮೆಯ ಒಂದು ಪೇಟೆ ಎಂದುಕೊಳ್ಳಿ. ಒಬ್ಬಳು ಕೇರಿಯವಳು, ಹಾಸ್ಟೆಲಿನಲ್ಲಿದ್ದಳು. ಇನ್ನೊಬ್ಬಳು ಊರೊಳಗಿನ ದೊಡ್ಡ ಮನೆಯವಳು. ಒಂದೇ ಬೆಂಚು. ಒಬ್ಬಳ ರೊಟ್ಟಿ, ಇನ್ನೊಬ್ಬಳ ಶೇಂಗಾ ಚಟ್ನಿ. ಪಂಚಮಿಗೆ ಮದರಂಗಿ ಹಚ್ಚಿಕೊಂಡಾಗ ಇವಳ ಅಂಗೈಯಲ್ಲಿ ಅವಳ ಹೆಸರಿನ ಮೊದಲಕ್ಷರ, ಅವಳ ಅಂಗೈಯಲ್ಲಿ ಇವಳದು. ಸೂಟಿ ಬಂದರೆ ಇಬ್ಬರಿಗೂ ಊಟ ಸೇರದು. ಚೀಟಿ ಬರೆದುಕೊಂಡರು. ಒಂದು ಚೀಟಿ ಸಿಕ್ಕಿಬಿತ್ತು. "ನೀ ಇಲ್ದಿದ್ರ ನಾ ಇರಂಗಿಲ್ಲ" ಎಂದಿತ್ತು. ಅಕ್ಕೋರು ಅದನ್ನು ಇಡೀ ವರ್ಗದೆದುರು ಗಟ್ಟಿಯಾಗಿ ಓದಿದರು.

ಆಮೇಲಿನ ನ್ಯಾಯ ನೋಡಿ! ತಪ್ಪು ಒಂದೇ ಎಂದರು, ಶಿಕ್ಷೆ ಮಾತ್ರ ಎರಡು. ಕೇರಿಯ ಹುಡುಗಿಯ ಟ್ರಂಕು ಹಾಸ್ಟೆಲಿನ ಹೊರಗೆ ಬಂತು. "ಕೆಟ್ಟ ಚಾಳಿ ಕಲಿಸಿದಾಕಿ" ಎಂಬ ಹೆಸರೂ ಬಂತು. ದೊಡ್ಡ ಮನೆಯ ಹುಡುಗಿಯನ್ನು ಶಾಲೆ ಬಿಡಿಸಿ ಸೋದರಮಾವನಿಗೆ ಕೊಟ್ಟರು. ಅವಳಿಗೆ ಹದಿನಾರು. ಲಗ್ನದ ಊಟ ಇಡೀ ಊರು ಉಂಡಿತು. ಗೆಳತಿಗೆ ಚೀಟಿ ಬರೆಯಲು ಹದಿನಾರು ಬಲು ಸಣ್ಣ ವಯಸ್ಸು. ಮೂವತ್ತು ದಾಟಿದ ಗಂಡಸಿನ ತಾಳಿಗೆ ಕೊರಳೊಡ್ಡಲು ತಕ್ಕ ವಯಸ್ಸು!

ನಾವೇನು ಮಾಡಿದೆವು? ನಕ್ಕೆವು. ಮುಚ್ಚಿಡುವುದಿಲ್ಲ. ರಾತ್ರಿ ಹೋರಾಟದ ಹಾಡು ಹಾಡುವ ನಾವೇ ಹಗಲು ಕಟ್ಟೆಯ ಮೇಲೆ ಕೂತು ಆ ಚೀಟಿಯ ಮಾತನ್ನು ಅಣಕಿಸಿದೆವು. ಅವಳು ಟ್ರಂಕು ಹೊತ್ತು ಹೋಗುವಾಗ ಒಬ್ಬರೂ ಎದ್ದು ಹೋಗಿ ಒಂದು ಕೈ ಹಿಡಿಯಲಿಲ್ಲ. ನಮ್ಮವಳೇ ಆಗಿದ್ದಳು.

"ಇದೆಲ್ಲ ಹೊಟ್ಟಿ ತುಂಬಿದವರ ಚಟ. ನಮ್ಮ ಮುಂದ ಭೂಮಿ ಐತಿ, ಹಸಿವು ಐತಿ, ಸ್ಕಾಲರ್‌ಶಿಪ್ ಐತಿ. ಇದ್ಯಾಕ ಬೇಕು?" ಎನ್ನುವ ಅಣ್ಣಂದಿರಿದ್ದಾರೆ. ಅಣ್ಣಾ, ಬಾಬಾಸಾಹೇಬರನ್ನು ಇನ್ನೊಮ್ಮೆ ಓದು. 1916ರ ಮೇ 9ರಂದು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಇಪ್ಪತ್ತೈದರ ತರುಣ, ಜಾತಿಯ ಜೀವ ಎಲ್ಲಿದೆ ಎಂದು ಹುಡುಕಿ ಒಳಮದುವೆಯಲ್ಲಿದೆ ಎಂದರು. ಸತಿ, ಬಲವಂತದ ವಿಧವೆತನ, ಬಾಲ್ಯವಿವಾಹ ಮೂರೂ ಆ ಬೇಲಿ ಕಾಯುವ ಉಪಾಯಗಳೆಂದು ಬಿಡಿಸಿ ತೋರಿಸಿದರು. ಈಗ ಆ ಲಗ್ನವನ್ನು ಮತ್ತೆ ನೋಡು. ಮಗಳ ಮನಸ್ಸು ಅಪ್ಪನ ಕೈ ತಪ್ಪಿತು, ಅದೂ ಕೇರಿಯ ಕಡೆ ತಿರುಗಿತು ಎಂದೇ ದೊಡ್ಡ ಮನೆ ನಡುಗಿತು. ಮಗಳನ್ನು ಯಾರಿಗೆ ಕೊಡಬೇಕೆಂಬ ಲೆಕ್ಕದ ಮೇಲೆ ಜಾತಿ ನಿಂತಿದೆ. "ನನ್ನ ಯಾರಿಗೂ ಕೊಡಬ್ಯಾಡ್ರಿ" ಎನ್ನುವ ಹುಡುಗಿ ಆ ಲೆಕ್ಕದ ಪುಸ್ತಕವನ್ನೇ ಹರಿಯುತ್ತಾಳೆ. ಇದು ನಮ್ಮ ಪ್ರಶ್ನೆಯಲ್ಲವೇ?

"ನಮ್ಮ ಸಂಸ್ಕೃತಿಯಲ್ಲಿ ಇದಿಲ್ಲ" ಎನ್ನುವವರು ಸವದತ್ತಿಯ ಎಲ್ಲಮ್ಮನ ಗುಡ್ಡ ಹತ್ತಲಿ. ಸೀರೆಯುಟ್ಟ ಜೋಗಪ್ಪನ ಕಾಲಿಗೆ ಬೀಳುತ್ತಾರೆ. ಗಂಡು ಹೆಣ್ಣಾದದ್ದು ತಾಯಿಯ ಇಚ್ಛೆ ಎನ್ನುತ್ತಾರೆ. ಗುಡ್ಡ ಇಳಿದ ಮೇಲೆ ಅದೇ ಜೋಗಪ್ಪನಿಗೆ ಬಾಡಿಗೆಗೆ ಒಂದು ಖೋಲಿ ಕೊಡಲು ಹಿಂಜರಿಯುತ್ತಾರೆ. ಅದೇ ತಾಯಿಯ ಹೆಸರಿನಲ್ಲಿ ನಮ್ಮ ಕೇರಿಯ ಎಳೆಯ ಮಕ್ಕಳಿಗೆ ಮುತ್ತು ಕಟ್ಟಿದರು. 1934ರಲ್ಲಿ ಮುಂಬಯಿ ಸರ್ಕಾರ ಕಾನೂನು ಮಾಡಿತು, 1982ರಲ್ಲಿ ಕರ್ನಾಟಕ ಮಾಡಿತು. ಆಮೇಲೂ ಕದ್ದು ಕಟ್ಟಿದರು. ಹುಡುಗಿಯನ್ನು ಊರ ಗಂಡಸರಿಗೆ ಬಿಟ್ಟುಕೊಟ್ಟದ್ದು ಸಂಸ್ಕೃತಿ. ಅವಳು ತಾನೇ ಆರಿಸಿಕೊಂಡ ಗೆಳತಿ ಮಾತ್ರ ವಿಕೃತಿ! ಯಾರು ಬರೆದ ನಿಘಂಟು ಇದು?

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು 377ನೇ ಕಲಮಿನ ಹಲ್ಲು ಕಿತ್ತಿತು. ವಯಸ್ಸಿಗೆ ಬಂದವರು ಒಪ್ಪಿ ಪ್ರೀತಿಸಿದರೆ, ಇಬ್ಬರೂ ಹೆಣ್ಣಾದರೂ, ಅಪರಾಧವಲ್ಲ. ಕೇರಳದಲ್ಲಿ ಕೂಡಿ ಬಾಳಲು ಹೊರಟ ಇಬ್ಬರು ಯುವತಿಯರಲ್ಲಿ ಒಬ್ಬಳನ್ನು ಮನೆಯವರು ಒಯ್ದಾಗ ಇನ್ನೊಬ್ಬಳು ಹೈಕೋರ್ಟಿಗೆ ಹೋದಳು. 2022ರ ಮೇ 31ರಂದು ಕೋರ್ಟು ಇಬ್ಬರನ್ನೂ ಜತೆಯಾಗಿ ಬಾಳಲು ಬಿಟ್ಟಿತು. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಇಂಥವರ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಬಾಗಿಲು ಅರ್ಧ ತೆರೆದಿದೆ.

ಆದರೆ ಹದಿನೆಂಟು ತುಂಬದ ಹುಡುಗಿಗೆ ಬೇಕಾದದ್ದು ಶಾಲೆ, ಹಾಸ್ಟೆಲು, ಕಾಲ. ಓದಲು ಬಿಟ್ಟರೆ ತನ್ನದು ಗೆಳೆತನವೋ ಬಾಳಿನ ಜತೆಯೋ ಎಂದು ದೊಡ್ಡವಳಾಗಿ ತಾನೇ ಕಂಡುಕೊಳ್ಳುತ್ತಾಳೆ. ಆ ವಯಸ್ಸಿನ ಪ್ರೀತಿಯಲ್ಲಿ ಅಪಾಯವಿಲ್ಲವೆಂದು ನಾವು ಹೇಳುವುದಿಲ್ಲ. "ನಾ ಇರಂಗಿಲ್ಲ" ಎಂಬ ಮಾತು ಒಮ್ಮೊಮ್ಮೆ ನಿಜವಾಗಿಬಿಡುತ್ತದೆ. ಬಾಗಿಲು ಮುಚ್ಚಿದವರೇ ಆಮೇಲೆ "ಹೊಟ್ಟೆನೋವು ತಾಳಲಾರದೆ" ಎಂದು ಬರೆಸುತ್ತಾರೆ. ಪದ್ಯ ಬರೆಯುವ ನಮಗೂ ಎಚ್ಚರ ಬೇಕು. ಸತ್ತವರ ಮೇಲೆ ಹಾಡು ಕಟ್ಟುವುದು ಸುಲಭ. ಬದುಕಿರುವವರ ಟ್ರಂಕು ಹೊರುವುದು ಕಷ್ಟ.

ಮಾಡುವುದೇನು? ಯಾರ ಚೀಟಿಯನ್ನೂ ಓದಬೇಡಿ, ಓದಲು ಬಿಡಬೇಡಿ. ಗೆಳತಿಯ ಕಾರಣಕ್ಕೆ ಹುಡುಗಿಯನ್ನು ಹಾಸ್ಟೆಲಿನಿಂದ ಹಾಕಿದರೆ ಎಲ್ಲರೂ ಹೊರಗೆ ಕೂಡೋಣ. ಹದಿನೆಂಟರೊಳಗಿನ ಲಗ್ನದ ಸುಳಿವು ಸಿಕ್ಕರೆ 1098ಕ್ಕೆ ಫೋನ್ ಮಾಡಿ. 2006ರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ ಪ್ರಕಾರ ಅದು ಲಗ್ನವೇ ಅಲ್ಲ. ಸಾಯುವ ಮಾತಾಡುವವಳಿಗೆ ಉಪದೇಶ ಬೇಡ. ಒಂಟಿ ಬಿಡದೆ ಜತೆ ಕೂಡಿ, ನಂಬುವ ದೊಡ್ಡವರನ್ನು ಕರೆಯಿರಿ.

ಕಡೆಗೆ, ಕೇರಿಯ ಆ ಹುಡುಗಿಗೆ: ತಂಗಿ, ಈ ಹಾಳೆ ಎಲ್ಲಿಯಾದರೂ ನಿನ್ನ ಕೈಗೆ ಸಿಕ್ಕರೆ ಓದು. ನಾವು ನಕ್ಕದ್ದು ತಪ್ಪು. ನಿನ್ನ ಬೆಂಚಿನಾಗ ಜಾಗ ಐತಿ. ಬಾ. ಈ ಸಲ ಟ್ರಂಕು ನಾವು ಹೊರತೇವಿ.