ಕ್ಯಾಶುವಾಲಿಟಿ ಸಿಸ್ಟರ್‌ಗೆ ಬೇಕಿರೋದು ಹಾರ ಅಲ್ಲ, ಜೊತೆಗೆ ಇನ್ನೊಬ್ಬ ಸಿಸ್ಟರ್

ಪ್ರತಿ ವರ್ಷ ಮೇ 12ರಂದು ದಾದಿಯರ ದಿನಾಚರಣೆ, ಹಾರ, ಭಾಷಣ. ಮರುದಿನ ಮತ್ತದೇ ನೈಟ್ ಡ್ಯೂಟಿ. ಅಪಘಾತ, ಹಾವು ಕಡಿತ, ವಿಷ ಕುಡಿದ ಕೇಸು ಒಟ್ಟಿಗೇ ಬಂದಾಗ ಯಾರನ್ನು ಮೊದಲು ನೋಡಬೇಕು ಅನ್ನೋದು ಜೀವದ ಪ್ರಶ್ನೆ. ಕಾದು ಕೂತವರು ಬೈಯೋದು ಮಾತ್ರ ಎದುರಿಗೆ ಸಿಕ್ಕ ಸಿಸ್ಟರ್‌ಗೆ.

ಹಲ್ಲೆ ತಡೆಗೆ ರಾಜ್ಯದಲ್ಲಿ 2009ರ ಕಾಯ್ದೆ ಇದೆ. ಮನಸ್ಸು ಕುಗ್ಗಿದರೆ ಮಾತಾಡಲು 2022ರಿಂದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಆದರೆ ಕಾಯ್ದೆ ನೆನಪಾಗೋದು ಏಟು ಬಿದ್ದ ಮೇಲೆ, ಫೋನ್ ಮಾಡೋಕಾಗೋದು ಡ್ಯೂಟಿ ಮುಗಿದ ಮೇಲೆ.

ಡ್ಯೂಟಿ ನಡುವೆ ಕೈ ಹಿಡಿಯೋದು 'ನೀನು ಊಟ ಮಾಡು, ನಾನು ನೋಡ್ಕೋತೀನಿ' ಅನ್ನೋ ಜೊತೆಗಾರ್ತಿಯ ಮಾತು. ಅದನ್ನು ಹೇಳೋಕೆ ಪಾಳಿಯಲ್ಲಿ ಇಬ್ಬರಾದರೂ ಇರಬೇಕಲ್ಲ? ಖಾಲಿ ಹುದ್ದೆ ತುಂಬದೆ ಯೋಗ ಶಿಬಿರ ಮಾಡಿದರೆ ಒತ್ತಡ ಇಳಿಯಲ್ಲ.